ನಾಲ್ಕು ಸಾಲಿನಲ್ಲಿ ಕಳೆದುಹೋದ ಕಾಯಿಲೆ

ಆ ಫೈಲು ನನ್ನ ಕೈಗೆ ಬಂದದ್ದು ಚಾಮರಾಜನಗರ ಜಿಲ್ಲೆಯ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ. ಹತ್ತೊಂಬತ್ತು ವರ್ಷದ ಹುಡುಗ, ಕಾಡಂಚಿನ ಪೋಡಿನವನು, ಅಂದರೆ ಬುಡಕಟ್ಟು ಜನರ ಕೇರಿಯವನು. ಎರಡು ವರ್ಷದಲ್ಲಿ ನಾಲ್ಕು ಸಲ ಅಡ್ಮಿಟ್ ಆಗಿದ್ದ, ನಾಲ್ಕು ಸಲವೂ ಹುಷಾರಾಗಿ ಮನೆಗೆ ಹೋಗಿದ್ದ. ನಾನು ಆಗ ವಾರಕ್ಕೆರಡು ದಿನ ಅಲ್ಲಿನ ಲ್ಯಾಬಿಗೆ ಹೋಗುತ್ತಿದ್ದೆ. ಐದನೇ ಸಲ ಅವನು ಬಂದಾಗ ಅವನ ರಕ್ತ ನನ್ನ ಮೇಜಿನ ಮೇಲಿತ್ತು. ಹಳೆಯ ಕಾಗದಗಳನ್ನು ನೋಡೋಣ ಎಂದು ಕೆಳಗಿಳಿದು ಹೋಗಿದ್ದೆ.

ರಿಜಿಸ್ಟರಿನಲ್ಲಿ ನಾಲ್ಕು ಸಾಲುಗಳಿದ್ದವು. ಮೊದಲನೆಯದು ಜ್ವರ, ಕಾರಣ ಗೊತ್ತಾಗಿಲ್ಲ, ಕೋಡ್ ಆರ್50.9. ಎರಡನೆಯದು ಕೀಲು ನೋವು, ಎಂ25.5. ಮೂರನೆಯದು ಕಾಮಾಲೆ, ಆರ್17. ನಾಲ್ಕನೆಯದು ನ್ಯುಮೋನಿಯಾ, ಜೆ18.9, ಅದರ ಪಕ್ಕದಲ್ಲೇ ಬೇರೆ ಶಾಯಿಯಲ್ಲಿ ರಕ್ತಹೀನತೆ, ಡಿ64.9. ನಾಲ್ಕು ಸಲವೂ ಬೇರೆ ಬೇರೆ ಡ್ಯೂಟಿ ಡಾಕ್ಟರು. ಯಾರೂ ಸುಳ್ಳು ಬರೆದಿರಲಿಲ್ಲ. ಹುಡುಗನಿಗೆ ಜ್ವರ ಬಂದಿತ್ತು, ಕೀಲು ನೊಂದಿತ್ತು, ಕಣ್ಣು ಹಳದಿಯಾಗಿತ್ತು, ಎದೆಯಲ್ಲಿ ಕಫ ಕಟ್ಟಿತ್ತು. ಪ್ರತಿ ಕೋಡೂ ಅದರದರ ಮಟ್ಟಿಗೆ ಸರಿ. ಆದರೆ ಈ ನಾಲ್ಕನ್ನೂ ಹೆತ್ತ ಕಾಯಿಲೆಯ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಮೇಲೆ ಲ್ಯಾಬಿನಲ್ಲಿ ಆ ಹೆಸರು ಹೊರಬರುವುದಕ್ಕೆ ಒಂದು ಗಂಟೆಯೂ ಬೇಕಾಗಲಿಲ್ಲ. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತ, ಅದಕ್ಕೆ ಆಗಷ್ಟೇ ಕಲಸಿದ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣದ ಒಂದು ಹನಿ, ಮೇಲೆ ತೆಳುವಾದ ಕವರ್‌ಸ್ಲಿಪ್. ಗಾಳಿ ಒಳಹೋಗದ ಹಾಗೆ ಅಂಚಿಗೆ ಸುತ್ತಲೂ ವ್ಯಾಸಲೀನ್ ಮೆತ್ತಬೇಕು. ಅದಿಲ್ಲದಿದ್ದರೆ ಉಗುರಿಗೆ ಹಚ್ಚುವ ಬಣ್ಣವೂ ಆದೀತು. ಆ ರಾಸಾಯನಿಕ ರಕ್ತದೊಳಗಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಆಮೇಲೆ ಕಾಯುವುದೊಂದೇ ಕೆಲಸ. ಆರೋಗ್ಯವಂತರ ಕೆಂಪು ಕಣ ಮೈಕ್ರೋಸ್ಕೋಪಿನಲ್ಲಿ ಹೆಬ್ಬೆರಳಿನಿಂದ ನಡುವೆ ಒತ್ತಿದ ಹಿಟ್ಟಿನ ಉಂಡೆಯ ಹಾಗೆ ಕಾಣುತ್ತದೆ, ಆಮ್ಲಜನಕ ಹೋದರೂ ಹಾಗೇ ಇರುತ್ತದೆ. ಈ ಹುಡುಗನ ಕಣಗಳು ಹಾಗಿರಲಿಲ್ಲ. ಅರ್ಧ ಗಂಟೆ ಬಿಟ್ಟು ಕಣ್ಣಿಟ್ಟಾಗ ಒಂದೊಂದೇ ಉದ್ದಕ್ಕೆ ಎಳೆದುಕೊಂಡು, ಎರಡೂ ತುದಿ ಚೂಪಾಗಿ, ನಡು ಬಾಗಿ ನಿಂತಿದ್ದವು. ರಾಗಿ ಕೊಯ್ಲಿನ ದಿನ ಬದುವಿನ ಮೇಲೆ ಸಾಲಾಗಿ ಇಟ್ಟ ಕುಡುಗೋಲುಗಳ ಹಾಗೆ.

ಸಿಕಲ್ ಸೆಲ್ ಅನೀಮಿಯ. ಕನ್ನಡ ಪತ್ರಿಕೆಗಳು ಕುಡುಗೋಲು ಕಣ ರಕ್ತಹೀನತೆ ಎಂದು ಬರೆಯುತ್ತವೆ. ಹಾಡಿ, ಪೋಡುಗಳಲ್ಲಿ ಓಡಾಡುವ ಆಶಾ ಕಾರ್ಯಕರ್ತೆಯರು ಸುಮ್ಮನೆ ಸಿಕಲ್ ಸೆಲ್ ಎನ್ನುತ್ತಾರೆ.

ಈ ಕಾಯಿಲೆಯ ಮೂಲ ಬಹಳ ಸಣ್ಣದು. ನಮ್ಮ ಹನ್ನೊಂದನೇ ಕ್ರೋಮೋಸೋಮಿನಲ್ಲಿ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯನ್ನು ಕಟ್ಟುವ ಜೀನ್ ಇದೆ. ಆ ಸರಪಳಿಗೆ 146 ಅಮೈನೋ ಆಮ್ಲಗಳ ಕೊಂಡಿ. ಆರನೆಯ ಕೊಂಡಿಯಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲೀನ್ ಬಂದು ಕೂತರೆ ಅದು ಹಿಮೋಗ್ಲೋಬಿನ್ ಎಸ್ ಆಗುತ್ತದೆ. ಆಮ್ಲಜನಕ ಇರುವ ತನಕ ಅದರಿಂದ ತೊಂದರೆಯಿಲ್ಲ. ಆಮ್ಲಜನಕ ಇಳಿಯಿತೆಂದರೆ ಈ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಗಳಾಗುತ್ತವೆ, ಆ ಕಡ್ಡಿಗಳು ಕಣವನ್ನು ಒಳಗಿನಿಂದ ನೂಕಿ ಕುಡುಗೋಲಾಗಿಸುತ್ತವೆ. ಸಾಧಾರಣ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಇದು ಹತ್ತಿಪ್ಪತ್ತು ದಿನಕ್ಕೇ ಒಡೆಯುತ್ತದೆ. ಆಗ ರಕ್ತ ಕಡಿಮೆಯಾಗುತ್ತದೆ, ಒಡೆದ ಕಣಗಳ ಹಳದಿ ಕಣ್ಣಿಗೆ ಏರುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಬಿದ್ದರೆ ಅದರಾಚೆಯ ಮೂಳೆಗೆ ಉಸಿರು ಸಿಗುವುದಿಲ್ಲ. ಆ ನೋವನ್ನು ಅನುಭವಿಸಿದವರು ಮೂಳೆಯೊಳಗೆ ಗರಗಸ ಆಡಿಸಿದ ಹಾಗೆ ಎನ್ನುತ್ತಾರೆ. ಗುಲ್ಮ ಬೇಗನೆ ಕೆಲಸ ನಿಲ್ಲಿಸುವುದರಿಂದ ಸೋಂಕುಗಳಿಗೆ ಬಾಗಿಲು ತೆರೆದಂತಾಗುತ್ತದೆ. ಜ್ವರ, ಕೀಲು ನೋವು, ಕಾಮಾಲೆ, ನ್ಯುಮೋನಿಯಾ: ರಿಜಿಸ್ಟರಿನ ನಾಲ್ಕು ಸಾಲುಗಳೂ ಆ ಒಂದು ಕೊಂಡಿಯಿಂದ ಹೊರಟವು.

ಅಂದು ಸಂಜೆ ರೆಕಾರ್ಡ್ ರೂಮಿನ ಸಿಬ್ಬಂದಿಯೊಬ್ಬರು ಕೇಸ್ ಶೀಟ್ ಹಿಡಿದು ಮೇಲೆ ಬಂದು ಕೇಳಿದರು: "ಸಾರ್, ಇದಕ್ಕೆ ಯಾವ ಕೋಡು ಹಾಕ್ಲಿ?" ಇಷ್ಟು ವರ್ಷ ರಿಪೋರ್ಟ್ ಬರೆದಿದ್ದೆ, ನಾನು ಬರೆದದ್ದು ಮುಂದೆ ಯಾವ ಅಂಕಿಯಾಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಈ ಅಧ್ಯಾಯ ಹುಟ್ಟಿದ್ದು ಅವರ ಪ್ರಶ್ನೆಯಿಂದ.

ಕಾಯಿಲೆಗಳಿಗೆ ಅಂಕಿ ಕೊಡುವ ಯೋಚನೆ ಹುಟ್ಟಿದ್ದು ಸಾವನ್ನು ಎಣಿಸುವುದಕ್ಕೆ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಜನನ ಮರಣಗಳ ರಿಜಿಸ್ಟ್ರಾರ್ ಕಚೇರಿಯಲ್ಲಿದ್ದ ವಿಲಿಯಂ ಫಾರ್ ಎಂಬ ವೈದ್ಯರಿಗೆ ಒಂದೇ ಕಾಯಿಲೆಗೆ ನಾಲ್ಕು ಹೆಸರು, ನಾಲ್ಕು ಕಾಯಿಲೆಗೆ ಒಂದೇ ಹೆಸರು ಬರೆದ ಕಾಗದಗಳನ್ನು ನೋಡಿ ಸಾಕಾಗಿತ್ತು. ಭೌತವಿಜ್ಞಾನಕ್ಕೆ ತೂಕ, ಅಳತೆ ಹೇಗೋ ವೈದ್ಯಕೀಯಕ್ಕೆ ಒಪ್ಪಿತವಾದ ಹೆಸರುಗಳು ಹಾಗೆ ಎಂದು ಅವರು 1839ರಲ್ಲೇ ವಾದಿಸಿದರು. ಮುಂದೆ ಆ ಕೆಲಸವನ್ನು ಜಗತ್ತು ಒಪ್ಪುವ ಪಟ್ಟಿಯಾಗಿ ಮಾಡಿದವರು ಪ್ಯಾರಿಸ್ಸಿನ ಜಾಕ್ ಬೆರ್ಟಿಯಾಂ. ಅವರ ಸೋದರ ಅಲ್ಫೋನ್ಸ್, ಅಪರಾಧಿಗಳ ಮೈ ಅಳೆದು ಗುರುತು ಹಿಡಿಯುವ ಪದ್ಧತಿ ಕಟ್ಟಿದಾತ. ಒಂದೇ ಮನೆಯಲ್ಲಿ ಒಬ್ಬರು ಮನುಷ್ಯರ ಗುರುತು, ಇನ್ನೊಬ್ಬರು ಸಾವುಗಳ ಗುರುತು ಹಿಡಿಯುವುದಕ್ಕೆ ಕೂತಿದ್ದರು. ಜಾಕ್ ತಮ್ಮ ಪಟ್ಟಿಯನ್ನು ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮುಂದಿಟ್ಟದ್ದು 1893ರಲ್ಲಿ, ಷಿಕಾಗೋದಲ್ಲಿ. ನಮಗೆಲ್ಲ ಆ ವರ್ಷ, ಆ ಊರು ವಿವೇಕಾನಂದರಿಂದ ಪರಿಚಿತ. ಸರ್ವಧರ್ಮ ಸಮ್ಮೇಳನ ನಡೆದ ವರ್ಷವೇ ಅದೇ ಊರಿನಲ್ಲಿ ಸಾವಿನ ಕಾರಣಗಳ ಪಟ್ಟಿಯೂ ಹೊರಬಂತು. ಪಟ್ಟಿಯ ವಿಸ್ತಾರವಾದ ರೂಪದಲ್ಲಿ ಇದ್ದ ಶೀರ್ಷಿಕೆಗಳು 161. ಸಿಕಲ್ ಸೆಲ್ ಅದರಲ್ಲಿರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ, ಆ ಕಾಯಿಲೆಯನ್ನು ಇನ್ನೂ ಯಾರೂ ಕಂಡಿರಲಿಲ್ಲ.

ಕಂಡದ್ದು ಅದೇ ಷಿಕಾಗೋದಲ್ಲಿ, ಹನ್ನೊಂದು ವರ್ಷದ ಮೇಲೆ. ಕೆರಿಬಿಯನ್ನಿನ ಗ್ರೆನಡಾ ದ್ವೀಪದಿಂದ ದಂತವೈದ್ಯಕೀಯ ಓದುವುದಕ್ಕೆ ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯೆಲ್ 1904ರ ಕೊನೆಯಲ್ಲಿ ಆಸ್ಪತ್ರೆ ಸೇರಿದ. ಇಂಟರ್ನ್ ಆಗಿದ್ದ ಅರ್ನೆಸ್ಟ್ ಐರನ್ಸ್ ಆತನ ರಕ್ತದಲ್ಲಿ ವಿಚಿತ್ರವಾದ ಉದ್ದುದ್ದ ಕಣಗಳನ್ನು ಕಂಡರು. ಹಿರಿಯ ವೈದ್ಯರಾದ ಜೇಮ್ಸ್ ಹೆರಿಕ್ 1910ರಲ್ಲಿ ಅದನ್ನು ಪ್ರಕಟಿಸುವಾಗ ಕುಡುಗೋಲಿನಾಕಾರ ಎಂಬ ಮಾತು ಬಳಸಿದರು. ಆದರೂ ಇದೊಂದು ಬೇರೆಯೇ ಕಾಯಿಲೆ ಎಂದು ಹೇಳುವ ಧೈರ್ಯ ಮಾಡಲಿಲ್ಲ. ಸಿಕಲ್ ಸೆಲ್ ಅನೀಮಿಯ ಎಂಬ ಹೆಸರು ಬಿದ್ದದ್ದು 1922ರಲ್ಲಿ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಇದು ಅಣುವಿನ ಕಾಯಿಲೆ ಎಂದು ತೋರಿಸಿದರು, ಆ ಆರನೇ ಕೊಂಡಿಯನ್ನು ಹಿಡಿದು ತೋರಿಸಿದವರು ವರ್ನನ್ ಇಂಗ್ರಾಂ, 1956 ಮತ್ತು 57ರಲ್ಲಿ. ಅಷ್ಟರಲ್ಲಿ ನಮ್ಮ ನೆರೆಯಲ್ಲೇ ಇನ್ನೊಂದು ಸಂಗತಿ ನಡೆದಿತ್ತು. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಇದೇ ಕಣಗಳನ್ನು ಕಂಡು ವರದಿ ಮಾಡಿದರು. ಬಂಡೀಪುರದ ಗಡಿ ದಾಟಿದರೆ ನೀಲಗಿರಿ. ಕಾಡಿನೊಳಗಿನ ಜನಕ್ಕಾಗಲಿ ಅವರ ರಕ್ತಕ್ಕಾಗಲಿ ಆ ಗಡಿ ಎಂದೂ ಗಡಿಯಾಗಿರಲಿಲ್ಲ. ಸೋಲಿಗರಲ್ಲೂ ಜೇನುಕುರುಬರಲ್ಲೂ ಈ ಕಾಯಿಲೆ ಇದೆ.

ಪಟ್ಟಿಯೂ ಬೆಳೆಯುತ್ತಾ ಬಂತು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಹಿಸಿಕೊಂಡಿತು. ಸಾವಿಗೆ ಮಾತ್ರ ಇದ್ದ ಪಟ್ಟಿ ಬದುಕಿರುವವರ ಕಾಯಿಲೆಗಳಿಗೂ ಬಂದದ್ದು ಆಗ. ಈ ತಿರುವು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಸಾವು ಒಬ್ಬರಿಗೆ ಒಂದೇ ಸಲ, ಎಣಿಸುವುದು ಸುಲಭ. ಹುಟ್ಟಿನಿಂದ ಕೊನೆಯ ತನಕ ಜೊತೆಗಿರುವ ಕಾಯಿಲೆಯನ್ನು ಎಣಿಸುವುದು ಹೇಗೆ? ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾ ಮಗು ವರ್ಷಕ್ಕೆ ಹದಿನೇಳು ಸಲ ಬರುತ್ತದೆ, ಹದಿನೇಳು ಸಲ ಡಿ56.1 ದಾಖಲಾಗುತ್ತದೆ. ಕಂಪ್ಯೂಟರಿಗೆ ಅದು ಹದಿನೇಳು ಮಕ್ಕಳೋ ಒಂದೇ ಮಗುವೋ ತಿಳಿಯುವುದಿಲ್ಲ. ನಮ್ಮ ಪೋಡಿನ ಹುಡುಗನದು ಇದರ ತಿರುವುಮುರುವು: ನಾಲ್ಕು ಸಲ ಬಂದರೂ ಕಾಯಿಲೆಯ ಲೆಕ್ಕದಲ್ಲಿ ಅವನು ಒಂದು ಸಲವೂ ಇಲ್ಲ.

ಈಗ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವುದು ಆ ಪಟ್ಟಿಯ ಹತ್ತನೇ ಪರಿಷ್ಕರಣೆ, ಐಸಿಡಿ-10. 1990ರಲ್ಲಿ ಒಪ್ಪಿಗೆ ಪಡೆದದ್ದು. ಅದರ ಮೂರನೇ ಅಧ್ಯಾಯ ರಕ್ತದ್ದು, ಡಿ50ರಿಂದ ಡಿ89ರ ತನಕ. ಅದರೊಳಗೆ ಕಣ ಒಡೆಯುವ ರಕ್ತಹೀನತೆಗಳ ಒಂದು ಕೇರಿ, ಡಿ55ರಿಂದ ಡಿ59. ಥಲಸ್ಸೀಮಿಯಾದ ಮನೆ ಡಿ56, ಪಕ್ಕದ ಮನೆ ಡಿ57 ಸಿಕಲ್ ಸೆಲ್‌ದು. ಆ ಮನೆಯ ಕೋಣೆಗಳನ್ನು ಬಿಂದುವಿನ ಮುಂದಿನ ಅಂಕಿ ಹೇಳುತ್ತದೆ. ಡಿ57.0 ಎಂದರೆ ಬಿಕ್ಕಟ್ಟಿನೊಂದಿಗೆ, ಅಂದರೆ ಆ ಮೂಳೆನೋವಿನ ದಾಳಿ ಬಂದಿರುವಾಗ. ಡಿ57.1 ಬಿಕ್ಕಟ್ಟಿಲ್ಲದೆ, ಡಾಕ್ಟರು ಬರೀ ಸಿಕಲ್ ಸೆಲ್ ಅನೀಮಿಯ ಎಂದು ಬರೆದು ಕೈಬಿಟ್ಟರೆ ಅದೂ ಇಲ್ಲಿಗೇ ಹೋಗುತ್ತದೆ. ಡಿ57.2 ಒಬ್ಬ ಪೋಷಕರಿಂದ ಎಸ್, ಇನ್ನೊಬ್ಬರಿಂದ ಬೀಟಾ ಥಲಸ್ಸೀಮಿಯಾದಂಥ ಬೇರೆ ದೋಷ ಬಂದವರಿಗೆ. ಡಿ57.3 ವಾಹಕರಿಗೆ. ಡಿ57.8 ಉಳಿದವಕ್ಕೆ.

ಡಿ57.1 ಮತ್ತು ಡಿ57.3ರ ನಡುವೆ ಒಂದಂಕಿಯ ವ್ಯತ್ಯಾಸ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚು ತಪ್ಪು ನಡೆಯುವುದು ಅಲ್ಲೇ. ತಾಯಿ ತಂದೆ ಇಬ್ಬರಿಂದಲೂ ಎಸ್ ಜೀನ್ ಬಂದವರು ರೋಗಿಗಳು. ಒಬ್ಬರಿಂದ ಮಾತ್ರ ಬಂದವರು ವಾಹಕರು. ಅವರ ರಕ್ತದಲ್ಲಿ ಒಳ್ಳೆಯ ಹಿಮೋಗ್ಲೋಬಿನ್ನೇ ಹೆಚ್ಚು, ಎಸ್ ಸುಮಾರು ಶೇಕಡ 40ರೊಳಗೆ. ಅವರು ಎಲ್ಲರ ಹಾಗೆ ಬದುಕುತ್ತಾರೆ. ಅಷ್ಟೇ ಅಲ್ಲ, ಮಲೇರಿಯಾದ ಊರಿನಲ್ಲಿ ಉಳಿದವರಿಗಿಂತ ಗಟ್ಟಿಯಾಗಿರುತ್ತಾರೆ. ಆಂಟನಿ ಆಲಿಸನ್ ಅದನ್ನು 1954ರಲ್ಲಿ ಆಫ್ರಿಕಾದಲ್ಲಿ ತೋರಿಸಿಕೊಟ್ಟರು. ಈಗ ಶಿಬಿರವೊಂದನ್ನು ನೆನೆಸಿಕೊಳ್ಳಿ. ಪೋಡಿನ ಶಾಲೆಯ ಜಗಲಿ. ಬೆರಳು ಚುಚ್ಚಿ ತೆಗೆದ ರಕ್ತವನ್ನು ಸಾಲ್ಯುಬಿಲಿಟಿ ಪರೀಕ್ಷೆಯ ದ್ರಾವಣಕ್ಕೆ ಹಾಕುತ್ತಾರೆ. ಎಸ್ ಇದ್ದರೆ ದ್ರಾವಣ ಕದಡುತ್ತದೆ, ಹಿಂದೆ ಹಿಡಿದ ಕಾಗದದ ಗೆರೆಗಳು ಕಾಣುವುದಿಲ್ಲ. ಅಗ್ಗದ, ಚೊಕ್ಕ ಪರೀಕ್ಷೆ. ಆದರೆ ಅದು ರೋಗಿಯ ರಕ್ತಕ್ಕೂ ಕದಡುತ್ತದೆ, ವಾಹಕರ ರಕ್ತಕ್ಕೂ ಕದಡುತ್ತದೆ. ಪುಸ್ತಕದಲ್ಲಿ ಬರೆಯುವುದು ಒಂದೇ ಮಾತು: ಸಿಕಲ್ ಸೆಲ್ ಪಾಸಿಟಿವ್. ಎರಡನ್ನೂ ಬೇರೆ ಮಾಡಬೇಕಾದರೆ ಎಚ್‌ಪಿಎಲ್‌ಸಿ ಯಂತ್ರವೋ ಎಲೆಕ್ಟ್ರೋಫೊರೆಸಿಸ್ಸೋ ಬೇಕು. ಆ ವರದಿ ಬರುವ ಮೊದಲೇ ಯಾರೋ ಪಾಸಿಟಿವ್ ಎಂಬುದನ್ನು ಡಿ57.1 ಮಾಡಿದರೆ ಆರೋಗ್ಯವಾಗಿರುವ ಹುಡುಗಿಯೊಬ್ಬಳು ಕಾಗದದಲ್ಲಿ ಜೀವನವಿಡೀ ರೋಗಿಯಾಗುತ್ತಾಳೆ. ಮದುವೆಯ ಮಾತು ಬಂದಾಗ ಆ ಕಾಗದ ಹೊರಗೆ ಬರುತ್ತದೆ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು, ಹೇಳಿಕೊಡಬೇಕಾದ ಮಾತು ಅಷ್ಟೇ. ಅದಕ್ಕೆ ಬದಲು ರೋಗಿ ಎಂಬ ಹಣೆಪಟ್ಟಿ ಅಂಟಿಸಿದರೆ ಮುಂದಿನ ಶಿಬಿರಕ್ಕೆ ಯಾರೂ ಬೆರಳು ಕೊಡುವುದಿಲ್ಲ.

ಐಸಿಡಿ-10ರಲ್ಲಿ ನನಗೆ ಇಷ್ಟವಾದ ಏರ್ಪಾಡೊಂದಿದೆ. ಒಂದೇ ತೊಂದರೆಗೆ ಎರಡು ಕೋಡ್ ಹಾಕುವಾಗ ಮೂಲ ಕಾಯಿಲೆಗೆ ಕಠಾರಿಯ ಗುರುತು, ಅದು ಮೈಯಲ್ಲಿ ಕಾಣಿಸಿಕೊಂಡ ಜಾಗಕ್ಕೆ ನಕ್ಷತ್ರದ ಗುರುತು. ಸಿಕಲ್ ಸೆಲ್ ಇರುವವರ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ರಕ್ತವಿಲ್ಲದೆ ಸಾಯುವುದುಂಟು, ಆಗ ಎಂ90.4ಕ್ಕೆ ನಕ್ಷತ್ರ. ಕಣ್ಣಿನ ಅಕ್ಷಿಪಟಲ ಕೆಟ್ಟರೆ ಎಚ್36.8ಕ್ಕೆ ನಕ್ಷತ್ರ. ಮೂತ್ರಪಿಂಡದ ಸೋಸುಕಗಳು ಹಾಳಾದರೆ ಎನ್08.2ಕ್ಕೆ. ನಕ್ಷತ್ರದ ಕೋಡ್ ಒಂಟಿಯಾಗಿ ನಿಲ್ಲುವ ಹಾಗಿಲ್ಲ, ಕಠಾರಿಯ ಡಿ57 ಅದರ ಜೊತೆಗಿರಲೇಬೇಕು. ಕಣ್ಣಿನ ಡಾಕ್ಟರಿಗೆ ಕಣ್ಣು, ಮೂಳೆ ಡಾಕ್ಟರಿಗೆ ಸೊಂಟ, ಕಿಡ್ನಿ ಡಾಕ್ಟರಿಗೆ ಕಿಡ್ನಿ ಕಾಣುತ್ತದೆ. ಇವರೆಲ್ಲ ನೋಡುತ್ತಿರುವುದು ಒಂದೇ ರಕ್ತವನ್ನು ಎಂದು ಈ ಪುಟ್ಟ ಗುರುತು ಹೇಳುತ್ತದೆ. ಹುಡುಗನ ಎರಡನೇ ಸಾಲಿನ ಎಂ25.5 ಬರೀ ಕೀಲು ನೋವು. ಅದಕ್ಕೆ ಕಠಾರಿಯೂ ಇಲ್ಲ, ನಕ್ಷತ್ರವೂ ಇಲ್ಲ.

ಕೋಡ್ ಎಂಬುದು ಎಂದೆಂದಿಗೂ ಸ್ಥಿರವಾದ ಸತ್ಯ ಎಂದೂ ತಿಳಿಯಬಾರದು. ಕೆಂಪು ಕಣಗಳು ಮಿತಿಮೀರಿ ಹುಟ್ಟುವ ಪಾಲಿಸೈಥೀಮಿಯ ವೆರಾ ಎಂಬ ಕಾಯಿಲೆ ಐಸಿಡಿ-10ರಲ್ಲಿ ಡಿ45. ಅದು ರಕ್ತದ ಅಧ್ಯಾಯದಲ್ಲೇ ಇಲ್ಲ, ಸ್ವಭಾವ ಖಚಿತವಾಗದ ಗಂತಿಗಳ ನಡುವೆ ಇದೆ. 2000ದಲ್ಲಿ ಬಂದ ಕ್ಯಾನ್ಸರ್ ವರ್ಗೀಕರಣದ ಹೊಸ ಆವೃತ್ತಿ ಅದನ್ನು ಕ್ಯಾನ್ಸರ್ ಸಾಲಿಗೆ ಸೇರಿಸಿತು, 2005ರಲ್ಲಿ ಜೆಎಕೆ2 ಎಂಬ ಜೀನಿನ ದೋಷ ಸಿಕ್ಕಾಗ ಅದಕ್ಕೆ ಬಲ ಬಂತು. ನಿನ್ನೆಯ ತನಕ ರಕ್ತ ಹೆಚ್ಚಾಗುವ ಕಾಯಿಲೆ ಎಂದುಕೊಂಡಿದ್ದವರು ಪಟ್ಟಿ ಬದಲಾದ ಬೆಳಗ್ಗೆ ಕ್ಯಾನ್ಸರ್ ರೋಗಿಗಳ ಎಣಿಕೆಗೆ ಬಂದರು. ಅವರ ರಕ್ತದಲ್ಲಿ ಏನೂ ಬದಲಾಗಿರಲಿಲ್ಲ.

ನನ್ನ ಅಕ್ಕನ ಮಗಳು ಮೈಕ್ರೋಬಯಾಲಜಿಯಲ್ಲಿ ಬಿಎಸ್ಸಿ ಮಾಡಿ ಬೆಂಗಳೂರಿನಲ್ಲಿ ಮೆಡಿಕಲ್ ಕೋಡರ್ ಆಗಿದ್ದಾಳೆ. ಬೆಂಗಳೂರು, ಚೆನ್ನೈ, ಹೈದರಾಬಾದುಗಳಲ್ಲಿ ಜೀವವಿಜ್ಞಾನ ಓದಿದ ಸಾವಿರಾರು ಮಕ್ಕಳಿಗೆ ಇದೇ ಕೆಲಸ. ಅಮೆರಿಕದ ಆಸ್ಪತ್ರೆಯ ಕೇಸ್ ಶೀಟ್ ಓದಿ ಕೋಡ್ ಹಾಕುತ್ತಾರೆ, ಅಲ್ಲಿನ ವಿಮೆಯ ಹಣ ಆ ಕೋಡಿನ ಮೇಲೆ ನಡೆಯುತ್ತದೆ. 2015ರ ಅಕ್ಟೋಬರ್ 1ರಿಂದ ಅಮೆರಿಕ ಐಸಿಡಿ-10ರ ತನ್ನದೇ ರೂಪವನ್ನು ಬಳಸುತ್ತಿದೆ, ಅದರಲ್ಲಿ ಸುಮಾರು 70 ಸಾವಿರ ಕೋಡುಗಳು. ಹಬ್ಬಕ್ಕೆ ಬಂದವಳನ್ನು ಸಿಕಲ್ ಸೆಲ್ ಬಗ್ಗೆ ಕೇಳಿದೆ. ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಲೇ ಪಟಪಟ ಹೇಳಿದಳು. "ಡಿ57.00 ಬರೀ ನೋವಿನ ಕ್ರೈಸಿಸ್ ಮಾಮ. ಎದೆಗೆ ಬಂದ್ರೆ ಡಿ57.01, ಗುಲ್ಮದಲ್ಲಿ ರಕ್ತ ಕಟ್ಟಿಕೊಂಡ್ರೆ 02, ಮೆದುಳಿಗೆ ಹೋದ್ರೆ 03."

"ಲ್ಯಾಬ್ ರಿಪೋರ್ಟಲ್ಲಿ ಎಸ್ ಎಂಬತ್ತು ಪರ್ಸೆಂಟ್ ಅಂತ ಇದೆ, ಡಾಕ್ಟರು ಮಾತ್ರ ಅನೀಮಿಯ ಅಂತ ಬರೆದಿದ್ದಾರೆ. ಏನು ಹಾಕ್ತೀಯ?"

ಚಾಕು ನಿಲ್ಲಿಸಿದಳು. "ಅನೀಮಿಯ ಅಂತಲೇ ಹಾಕ್ಬೇಕು. ಡಾಕ್ಟ್ರು ಬರೀದೇ ಇದ್ದಿದ್ದನ್ನ ನಾನು ಹಾಕೋ ಹಾಗಿಲ್ಲ. ಬೇಕಾದ್ರೆ ಕ್ವೆರಿ ಕಳಿಸ್ಬೋದು, ಹೀಗಿದೆಯಲ್ಲ, ನಿಮ್ಮ ಅಭಿಪ್ರಾಯ ಏನು ಅಂತ."

ಈ ನಿಯಮ ಸರಿಯಾದದ್ದು. ರೋಗ ಹೆಸರಿಸುವ ಹೊಣೆ ರೋಗಿಯನ್ನು ಕಂಡವರದು. ಆದರೆ ಅವಳ ಕ್ವೆರಿಗೆ ಉತ್ತರ ಕೊಡುವುದಕ್ಕೆ ಅಲ್ಲಿ ಡಾಕ್ಟರ ಮೇಲೆ ಒತ್ತಡವಿದೆ, ಉತ್ತರ ಬಾರದಿದ್ದರೆ ಹಣ ಬರುವುದಿಲ್ಲ. ಚಾಮರಾಜನಗರ ಜಿಲ್ಲೆಯ ರೆಕಾರ್ಡ್ ರೂಮಿನಿಂದ ಮೇಲೆ ಹತ್ತಿ ಬಂದು ಯಾವ ಕೋಡು ಎಂದು ಕೇಳಿದವರ ಹಿಂದೆ ಅಂಥ ಒತ್ತಡ ಯಾವುದೂ ಇರಲಿಲ್ಲ. ಅವರು ಕೇಳದಿದ್ದರೂ ಯಾರೂ ಬೈಯುತ್ತಿರಲಿಲ್ಲ. ಕರ್ನಾಟಕದ ಮಗಳೊಬ್ಬಳು ಸಾವಿರಾರು ಮೈಲಿ ದೂರದ ರೋಗಿಯ ನೋವನ್ನು ಐದಾರು ಬಗೆಯಾಗಿ ವಿಂಗಡಿಸಿ ಬರೆಯುವಾಗ ಅವಳ ಊರಿಂದ ನಾಲ್ಕು ಗಂಟೆ ದಾರಿಯ ಹುಡುಗನ ನೋವು ಆರ್50.9 ಆಗಿ ಕೂತಿರುವುದು ನನಗೆ ಬಹಳ ಸಂಕಟದ ವಿಷಯ.

ಅಮೆರಿಕದ ಕೋಡುಗಳೂ ತಪ್ಪುತ್ತವೆ. ಅಲ್ಲಿಯೂ ವಾಹಕರ ಮೇಲೆ ರೋಗಿಯ ಕೋಡ್ ಬೀಳುತ್ತದೆ. ಹಾಗಾಗಿ ಕ್ಯಾಲಿಫೋರ್ನಿಯಾ, ಜಾರ್ಜಿಯಾದಂಥ ರಾಜ್ಯಗಳಲ್ಲಿ ಈ ಕಾಯಿಲೆಯವರನ್ನು ಎಣಿಸುವ ಸರ್ಕಾರಿ ಯೋಜನೆ ಒಂಟಿ ಕೋಡನ್ನು ನಂಬುವುದಿಲ್ಲ. ಲ್ಯಾಬಿನ ಖಾತ್ರಿ ಇಲ್ಲದಿದ್ದರೆ ಐದು ವರ್ಷದೊಳಗೆ ಕನಿಷ್ಠ ಮೂರು ಬೇರೆ ಬೇರೆ ಭೇಟಿಗಳಲ್ಲಿ ಸಿಕಲ್ ಸೆಲ್ ಕೋಡ್ ಬಿದ್ದಿರಬೇಕು. ಜೀವನವಿಡೀ ಇರುವ ಕಾಯಿಲೆಯನ್ನು ಭೇಟಿಗಳ ಕಾಗದದಿಂದ ಹೆಕ್ಕಿ ತೆಗೆಯುವುದಕ್ಕೆ ಇದು ಬುದ್ಧಿವಂತಿಕೆಯ ದಾರಿ. ಈ ಸೂತ್ರವನ್ನು ನಮ್ಮ ಹುಡುಗನ ಫೈಲಿಗೆ ಹಾಕಿ ನೋಡಿ. ಸೊನ್ನೆ.

ಸಾವಿನ ಕಾಗದದಲ್ಲಿ ಈ ಮರೆವು ಇನ್ನೂ ಆಳ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಆಸ್ಪತ್ರೆಯಲ್ಲಿ ಸಾವಾದರೆ ಡಾಕ್ಟರು ನಮೂನೆ 4 ತುಂಬಬೇಕು. ಅದರಲ್ಲಿ ಎ, ಬಿ, ಸಿ ಎಂದು ಒಂದರ ಕೆಳಗೊಂದು ಸಾಲುಗಳಿವೆ. ಎ ಸಾಲಿನಲ್ಲಿ ಕೊನೆಗೆ ಉಸಿರು ನಿಲ್ಲಿಸಿದ್ದು ಏನು, ಬಿಯಲ್ಲಿ ಅದು ಯಾತರಿಂದ ಬಂತು, ಸಿಯಲ್ಲಿ ಅದೂ ಯಾತರಿಂದ ಬಂತು. ಎಣಿಕೆಗೆ ಹೋಗುವುದು ಸಾಧಾರಣವಾಗಿ ಕೆಳಗಿನ ಸಾಲು, ಸಾವಿನ ಸರಪಳಿಯನ್ನು ಶುರುಮಾಡಿದ ಕಾಯಿಲೆ. ಎ: ರಕ್ತದಲ್ಲಿ ಸೋಂಕು. ಬಿ: ನ್ಯುಮೋನಿಯಾ. ಸಿ: ಸಿಕಲ್ ಸೆಲ್ ಕಾಯಿಲೆ. ಹೀಗೆ ಬರೆದರೆ ಆ ಸಾವು ಡಿ57ಕ್ಕೆ ಸೇರುತ್ತದೆ. ಸಿ ಸಾಲು ಖಾಲಿ ಬಿಟ್ಟರೆ ನ್ಯುಮೋನಿಯಾಕ್ಕೆ. ಎ ಸಾಲಿನಲ್ಲಿ ಹೃದಯಾಘಾತದಂಥ ಮಾತೂ ಇಲ್ಲದೆ ಹೃದಯ, ಉಸಿರಾಟ ನಿಂತಿತು ಎಂದಷ್ಟೇ ಬರೆದು ಸಹಿ ಹಾಕಿದರೆ, ಸತ್ತವರೆಲ್ಲರಿಗೂ ಹೊಂದುವ ಆ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಜಾಗತಿಕ ಅಂಕಿಅಂಶದವರು ಇಂಥವನ್ನು ಕಸದ ಕೋಡ್ ಎಂದೇ ಕರೆಯುತ್ತಾರೆ. ಭಾರತದಲ್ಲಿ ವೈದ್ಯರು ಕಾರಣ ಬರೆದು ದೃಢೀಕರಿಸುವ ಸಾವುಗಳೇ ಸುಮಾರು ಐದರಲ್ಲೊಂದು. ಪೋಡಿನ ಗುಡಿಸಲಿನಲ್ಲಿ ಸತ್ತ ಮಗು ಆ ಐದರಲ್ಲೊಂದಾಗುವುದು ಅಪರೂಪ.

ಈ ಖಾಲಿ ಸಾಲಿನ ಅಳತೆಯನ್ನು 2023ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿಯಲ್ಲಿ ಬಂದ ಜಾಗತಿಕ ಅಧ್ಯಯನವೊಂದು ಮುಂದಿಟ್ಟಿತು. 2021ರಲ್ಲಿ ಸಿಕಲ್ ಸೆಲ್ಲೇ ಮೂಲ ಕಾರಣ ಎಂದು ಲೆಕ್ಕಕ್ಕೆ ಬಂದ ಸಾವುಗಳು ಜಗತ್ತಿನಲ್ಲಿ 34,400. ಆ ಕಾಯಿಲೆಯೊಂದಿಗೆ ಹುಟ್ಟಿದವರು ಎಷ್ಟು, ಅವರಲ್ಲಿ ಬದುಕಿ ಉಳಿಯುವವರು ಎಷ್ಟು ಎಂದು ಬೇರೆ ದಾರಿಯಿಂದ ಲೆಕ್ಕ ಹಾಕಿದಾಗ ಸಿಕ್ಕ ಅಂದಾಜು 3,76,000. ಹನ್ನೊಂದು ಪಟ್ಟು. ನಡುವಿನ ಮೂರು ಲಕ್ಷ ನಲವತ್ತು ಸಾವಿರ ಜನ ನ್ಯುಮೋನಿಯಾ, ಸೋಂಕು, ಪಾರ್ಶ್ವವಾಯು ಎಂಬ ಹೆಸರುಗಳ ಕೆಳಗಿದ್ದಾರೆ. ಇದರಲ್ಲಿ ಹೊಸದೇನೂ ಇಲ್ಲ. ವೈದ್ಯಕೀಯ ಚರಿತ್ರೆಯಲ್ಲಿ ಕುಡುಗೋಲು ಕಣಗಳ ಮೊದಲ ರೋಗಿ ಎಂದು ಹೆಸರಾದ ವಾಲ್ಟರ್ ನೋಯೆಲ್ ಓದು ಮುಗಿಸಿ ಗ್ರೆನಡಾಕ್ಕೆ ಮರಳಿ ದಂತವೈದ್ಯನಾಗಿ ಕೆಲಸ ಮಾಡಿ 1916ರಲ್ಲಿ ತೀರಿಕೊಂಡ. ಅವನ ಸಾವಿನ ಕಾರಣವೂ ನ್ಯುಮೋನಿಯಾ ಎಂದೇ ಇದೆ.

ಲೆಕ್ಕಕ್ಕೆ ಬರುವುದರಿಂದ ಬರುವುದೇನು ಎಂದು ಕೇಳಿದರೆ ನಾನು ಹೈಡ್ರಾಕ್ಸಿಯೂರಿಯ ಎಂಬ ಮಾತ್ರೆಯ ಹೆಸರು ಹೇಳುತ್ತೇನೆ. ಮಗು ಹೊಟ್ಟೆಯಲ್ಲಿರುವಾಗ ಇರುವ ಹಿಮೋಗ್ಲೋಬಿನ್ ಎಫ್ ಅನ್ನು ಅದು ಹೆಚ್ಚಿಸುತ್ತದೆ, ಎಫ್ ಹೆಚ್ಚಿದಷ್ಟೂ ಎಸ್ ಅಂಟಿಕೊಳ್ಳುವುದು ಕಡಿಮೆ, ನೋವಿನ ದಾಳಿಯೂ ಕಡಿಮೆ. ದುಬಾರಿ ಔಷಧಿಯಲ್ಲ. ಆದರೆ ತಾಲ್ಲೂಕು ಆಸ್ಪತ್ರೆಯ ಔಷಧಿ ಕೋಣೆಗೆ ಅದು ಎಷ್ಟು ಬೇಕು ಎಂದು ಇಂಡೆಂಟ್ ಬರೆಯುವವರು ನೋಡುವುದು ರಿಜಿಸ್ಟರನ್ನು. ಅಲ್ಲಿ ಡಿ57 ಇಲ್ಲದಿದ್ದರೆ ಪ್ಯಾರಾಸಿಟಮಾಲ್ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾ, ಥಲಸ್ಸೀಮಿಯಾಗಳ ಜೊತೆ ಸಿಕಲ್ ಸೆಲ್ ಕಾಯಿಲೆಯನ್ನೂ ಸೇರಿಸಿಕೊಂಡಿದೆ. ಪ್ರಮಾಣಪತ್ರ ಬೇಕಾದರೆ ಕಾಯಿಲೆಯ ದಾಖಲೆ ತೋರಿಸಬೇಕು. ನಾಲ್ಕು ಡಿಸ್ಚಾರ್ಜ್ ಕಾರ್ಡುಗಳಲ್ಲಿ ಜ್ವರ, ನೋವು, ಕಾಮಾಲೆ, ಕಫ ಇಟ್ಟುಕೊಂಡ ಹುಡುಗ ಏನನ್ನು ತೋರಿಸಬೇಕು?

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ 2047ರ ಹೊತ್ತಿಗೆ ಸಿಕಲ್ ಸೆಲ್ಲನ್ನು ನಿವಾರಿಸುವ ಗುರಿ ಇಟ್ಟುಕೊಂಡಿದೆ. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ ನಲವತ್ತರೊಳಗಿನ 7 ಕೋಟಿ ಜನರ ತಪಾಸಣೆ. ಇದು ನಿಜಕ್ಕೂ ದೊಡ್ಡ ಕೆಲಸ. ಬೆರಳು ಚುಚ್ಚಿದ ಮೇಲಿನ ಕಾಗದದ ಕೆಲಸಕ್ಕೂ ಅಷ್ಟೇ ಗೌರವ ಸಿಗಬೇಕು ಎಂಬುದು ನನ್ನ ಆಸೆ. 2022ರ ಜನವರಿಯಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ ಸಿಕಲ್ ಸೆಲ್‌ಗೆ ಹೊಸ ಕೋಡ್, 3ಎ51. ಅದರಲ್ಲಿ ವಾಹಕರಿಗೆ ಬಿಂದುವಿನ ಮುಂದೆ ಸೊನ್ನೆ, ಬಿಕ್ಕಟ್ಟಿಲ್ಲದವರಿಗೆ ಒಂದು, ಬಿಕ್ಕಟ್ಟಿನವರಿಗೆ ಎರಡು. ಒಂದು ಕೋಡಿಗೆ ಇನ್ನೊಂದನ್ನು ಪೋಣಿಸಿ ಕಾಯಿಲೆ ಮತ್ತು ತೊಡಕನ್ನು ಒಟ್ಟಿಗೆ ಬರೆಯುವುದಕ್ಕೂ ಅದರಲ್ಲಿ ಅವಕಾಶ ಹೆಚ್ಚು. ನಮ್ಮ ಆಸ್ಪತ್ರೆಗಳಿಗೆ ಅದು ಬಂದು ಬಳಕೆಯಾಗುವುದಕ್ಕೆ ಕಾಲ ಬೇಕು. ಹೊಸ ಕೋಡ್ ಬಂದರೂ ಅದನ್ನು ಬರೆಯುವವರು ಅದೇ ಡ್ಯೂಟಿ ಡಾಕ್ಟರು, ಅದೇ ರೆಕಾರ್ಡ್ ರೂಮಿನವರು.

ಹುಡುಗನ ಎಚ್‌ಪಿಎಲ್‌ಸಿ ವರದಿ ಮೈಸೂರಿನಿಂದ ಎಂಟನೇ ದಿನ ಬಂತು. ಎಸ್ ಗಡಿ ದಾಟಿ ಬಹಳ ಮೇಲಿತ್ತು, ಎಫ್ ಸ್ವಲ್ಪ ಏರಿತ್ತು, ಸಹಜ ಹಿಮೋಗ್ಲೋಬಿನ್ ಎ ಇರಲಿಲ್ಲವೆಂದೇ ಹೇಳಬೇಕು. ವಾರ್ಡಿನ ಡಾಕ್ಟರು ಕೇಸ್ ಶೀಟಿನ ಮೊದಲ ಸಾಲಿನಲ್ಲಿ ದೊಡ್ಡಕ್ಷರದಲ್ಲಿ ಸಿಕಲ್ ಸೆಲ್ ಕಾಯಿಲೆ, ನೋವಿನ ಬಿಕ್ಕಟ್ಟಿನೊಂದಿಗೆ ಎಂದು ಬರೆದರು. ಅವನ ತಾಯಿ ವರದಿಯನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಮಡಿಸದೆ ಹೇಗೆ ಇಡುವುದು ಎಂದು ನರ್ಸಮ್ಮನನ್ನು ಕೇಳುತ್ತಿದ್ದಳು. ರೆಕಾರ್ಡ್ ರೂಮಿನಲ್ಲಿ ಐದನೇ ಸಾಲು ಬರೆಯುವಾಗ ನಾನೂ ಇದ್ದೆ. ಡಿ57.0. ಹಿಂದಿನ ನಾಲ್ಕು ಸಾಲುಗಳ ಪಕ್ಕದಲ್ಲೂ ಇದನ್ನೇ ಸೇರಿಸಬಹುದೇ ಎಂದು ಕೇಳಿದೆ.

"ಆಗಲ್ಲ ಸಾರ್. ಆ ತಿಂಗಳುಗಳ ರಿಪೋರ್ಟು ಜಿಲ್ಲೆಗೆ ಹೋಗಾಯ್ತು," ಎಂದರು ಅವರು. ಜ್ವರ ಒಂದು, ಕೀಲು ನೋವು ಒಂದು, ಕಾಮಾಲೆ ಒಂದು, ನ್ಯುಮೋನಿಯಾ ಒಂದು. ಆ ಎರಡು ವರ್ಷಗಳ ಲೆಕ್ಕದಲ್ಲಿ ಅವು ಹಾಗೇ ಉಳಿದಿವೆ.